ರೀಜೆನ್ಸಿ ಕಾಲದ ಪ್ರೇಮಕಥೆ ಬರೆಯುವುದು ಹೇಗೆ: ಮೊದಲು ತಾರೀಖು, ಆಮೇಲೆ ದುಡ್ಡು, ಆಮೇಲೆ ಪ್ರೇಮ

ರೀಜೆನ್ಸಿ ಎಂದರೆ ಇಂಗ್ಲೆಂಡಿನ ಇತಿಹಾಸದಲ್ಲಿ ಕೇವಲ ಒಂಬತ್ತು ವರ್ಷ. ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ತಿಮಿತ ತಪ್ಪಿದಾಗ, 1811ರ ಫೆಬ್ರವರಿ 5ರಂದು ಅವನ ಹಿರಿಯ ಮಗ ಪ್ರಿನ್ಸ್ ರೀಜೆಂಟ್ ಎಂಬ ಹೆಸರಿನಲ್ಲಿ ಅಧಿಕಾರ ವಹಿಸಿಕೊಂಡ. 1820ರ ಜನವರಿ 29ರಂದು ತಂದೆ ತೀರಿಕೊಂಡು ಅವನೇ ದೊರೆಯಾದ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಅವರ ಆರು ಮುಖ್ಯ ಕಾದಂಬರಿಗಳೂ ಅಚ್ಚಾದದ್ದು ಈ ಒಂಬತ್ತು ವರ್ಷದೊಳಗೇ: ಮೊದಲನೆಯದು 1811ರಲ್ಲಿ, ಕೊನೆಯ ಎರಡು ಅವರು ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ. ಅವರಿಗೆ ಅದು ಸಮಕಾಲೀನ ಬದುಕು. ಗಾಡಿಗೆ ಎಷ್ಟು ಕುದುರೆ, ಊಟ ಎಷ್ಟು ಗಂಟೆಗೆ ಎಂದು ವಿವರಿಸುವ ಅಗತ್ಯವೇ ಇರಲಿಲ್ಲ. ನಮಗೆ ಅದೆಲ್ಲ ಗೊತ್ತಿರಬೇಕು; ಗೊತ್ತಿದ್ದೂ ಹತ್ತರಲ್ಲಿ ಒಂಬತ್ತನ್ನು ಹೇಳದೆ ಬಿಡಬೇಕು.

ಈ ಬಗೆಯ ಕಥೆಗಳು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಬರೆಯುವವರು ಉಡುಪು, ಬಾಲ್ ನೃತ್ಯ, ಅರಮನೆಯಂಥ ಮನೆಗಳನ್ನು ತರುತ್ತಾರೆ. ಆ ಕಾಲದ ಕಟ್ಟುಪಾಡನ್ನು ತರುವುದಿಲ್ಲ. ಇಬ್ಬರು ಯಾವಾಗ ಬೇಕಾದರೂ ಭೇಟಿಯಾಗಬಹುದು, ಮನಸ್ಸಿನಲ್ಲಿದ್ದದ್ದನ್ನು ಹೇಳಬಹುದು ಎಂದಾದರೆ ಕಥೆಯೇ ಇಲ್ಲ. ಹಾಗಾಗಿ ಬರವಣಿಗೆಯ ತಯಾರಿಯನ್ನು ಪ್ರೇಮಿಗಳಿಂದ ಶುರು ಮಾಡಬೇಡಿ. ಕ್ಯಾಲೆಂಡರಿನಿಂದ ಶುರು ಮಾಡಿ.

ಒಂದು: ವರ್ಷ ಮತ್ತು ತಿಂಗಳು ಗೊತ್ತುಮಾಡಿ

"1800ರ ಆಸುಪಾಸು" ಎಂದು ಸಡಿಲವಾಗಿ ಹಿಡಿದರೆ ಮುಂದೆ ಪ್ರತಿ ಅಧ್ಯಾಯದಲ್ಲೂ ತೊಡಕು. ಒಂದೊಂದು ವರ್ಷದ ಗುಣವೂ ಬೇರೆ. 1812-13ರಲ್ಲಿ ಸ್ಪೇನಿನಲ್ಲಿ ಯುದ್ಧ. ಸಣ್ಣ ಊರುಗಳಲ್ಲಿ ಮಿಲಿಷಿಯಾ ಎಂಬ ಒಳನಾಡಿನ ಕಾವಲು ಪಡೆಗಳು ಬೀಡುಬಿಟ್ಟಿರುತ್ತವೆ, ಕೆಂಪು ಕೋಟಿನ ಅಧಿಕಾರಿಗಳು ಎಲ್ಲ ಔತಣಗಳಲ್ಲೂ ಕಾಣುತ್ತಾರೆ. 1814ರ ಬೇಸಿಗೆಯಲ್ಲಿ ಲಂಡನ್ ಶಾಂತಿಯ ಸಂಭ್ರಮದಲ್ಲಿದೆ. 1815ರ ಜೂನ್ 18, ಭಾನುವಾರ, ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್‌ಲೂ. ಯುದ್ಧ ಮುಗಿದದ್ದೇ ಸಾವಿರಾರು ಅಧಿಕಾರಿಗಳು ಅರ್ಧ ಸಂಬಳದ ಮೇಲೆ ಮನೆಗೆ ಬರುತ್ತಾರೆ: ಮದುವೆಯ ವಯಸ್ಸು, ಮಾತು ಚಂದ, ಕೈ ಖಾಲಿ. ಕಥೆಗೆ ಇದಕ್ಕಿಂತ ಒಳ್ಳೆಯ ವರ್ಷ ಸಿಗುವುದು ಕಷ್ಟ.

1816ನ್ನು ಆರಿಸಿದರೆ ಎಚ್ಚರ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಆ ಸ್ಫೋಟದಿಂದ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಕೆಟ್ಟುಹೋದ ಬೆಳೆ. ಆ ಜುಲೈನಲ್ಲಿ ಬಿಸಿಲಿನ ಪಿಕ್ನಿಕ್ ಬರೆದರೆ ತಿಳಿದ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಹಾಗೆಯೇ 1817ರ ನವೆಂಬರ್ 6ರಂದು ರೀಜೆಂಟನ ಒಬ್ಬಳೇ ಮಗಳು ರಾಜಕುಮಾರಿ ಷಾರ್ಲೆಟ್ ಹೆರಿಗೆಯ ಬೆನ್ನಲ್ಲೇ ತೀರಿಕೊಂಡಳು, ದೇಶವೆಲ್ಲ ಸೂತಕದ ಕಪ್ಪು ಬಟ್ಟೆ ತೊಟ್ಟಿತು. ಆ ಚಳಿಗಾಲದಲ್ಲಿ ಬಣ್ಣಬಣ್ಣದ ಬಾಲ್ ಬೇಡ.

ಗೊತ್ತಾದ ವರ್ಷದ ಹನ್ನೆರಡು ತಿಂಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಭಾನುವಾರಗಳನ್ನು ಗುರುತಿಸಿ, ಅವು ಮದುವೆಗೆ ಬೇಕು. ಹುಣ್ಣಿಮೆಗಳನ್ನೂ ಗುರುತಿಸಿ. ಹಳ್ಳಿಗಾಡಿನಲ್ಲಿ ಬೀದಿದೀಪವಿಲ್ಲ, ರಾತ್ರಿ ಗಾಡಿಯಲ್ಲಿ ಹೋಗಿಬರಲು ಬೆಳದಿಂಗಳು ಬೇಕಾದ್ದರಿಂದ ಔತಣ, ನೃತ್ಯಗಳನ್ನು ಹುಣ್ಣಿಮೆಯ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಳೆಯ ತಾರೀಖಿನ ಚಂದ್ರನ ಸ್ಥಿತಿ ಲೆಕ್ಕಹಾಕುವ ಆ್ಯಪ್‌ಗಳಿವೆ, ಐದು ನಿಮಿಷದ ಕೆಲಸ. ಲಂಡನ್ನಿನ 'ಸೀಸನ್', ಅಂದರೆ ಸಿರಿವಂತರ ಔತಣ, ನೃತ್ಯಗಳ ಕಾಲ, ಪಾರ್ಲಿಮೆಂಟ್ ನಡೆಯುವ ಕಾಲಕ್ಕೆ ಸೇರಿದ್ದು, ಈಸ್ಟರ್ ನಂತರ ರಂಗೇರಿ ಬೇಸಿಗೆಯ ನಡುವೆ ಕರಗುತ್ತದೆ. ಸೆಪ್ಟೆಂಬರ್ 1ಕ್ಕೆ ಕೌಜುಗನ ಬೇಟೆ ಶುರು; ಗಂಡಸರು ಆಗ ಹಳ್ಳಿಯ ಮನೆಗಳಲ್ಲಿರುತ್ತಾರೆ.

ಎರಡು: ಪ್ರತಿ ಪಾತ್ರದ ವರಮಾನ ಬರೆಯಿರಿ

ಹೆಸರು ಇಡುವ ಮೊದಲೇ ಇದನ್ನು ಮಾಡಿ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಗಿನಿ ಎಂದರೆ 21 ಶಿಲಿಂಗ್. ಆ ಸಮಾಜ ಮನುಷ್ಯರನ್ನು ಅಳೆದದ್ದು ವರ್ಷದ ವರಮಾನದಿಂದ, ಕೂಡಿಟ್ಟ ಗಂಟಿನಿಂದಲ್ಲ. ಗಂಟು ಗೊತ್ತಿದ್ದರೆ ಅದನ್ನು ಸರ್ಕಾರಿ ಸಾಲಪತ್ರದಲ್ಲಿಟ್ಟು ನೂರಕ್ಕೆ ನಾಲ್ಕೋ ಐದೋ ಬಡ್ಡಿ ಎಂದು ಲೆಕ್ಕ ಹಾಕಿ. 10,000 ಪೌಂಡ್ ವರದಕ್ಷಿಣೆಯ ಹುಡುಗಿ ಎಂದರೆ ವರ್ಷಕ್ಕೆ 400ರಿಂದ 500 ಪೌಂಡ್ ತರುವವಳು.

ಅಳತೆಗೋಲು ಆಸ್ಟೆನ್ ಅವರಲ್ಲೇ ಇದೆ. 'ಪ್ರೈಡ್ ಅಂಡ್ ಪ್ರಿಜುಡೀಸ್'ನಲ್ಲಿ ನಾಯಕ ಡಾರ್ಸಿಗೆ ವರ್ಷಕ್ಕೆ 10,000, ಅವನ ಗೆಳೆಯ ಬಿಂಗ್ಲಿಗೆ 4,000ದಿಂದ 5,000, ಐದು ಹೆಣ್ಣುಮಕ್ಕಳಿರುವ ನಾಯಕಿಯ ತಂದೆಗೆ 2,000. ಅವರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯಲ್ಲಿ ತಾಯಿ ಮತ್ತು ಮೂವರು ಹೆಣ್ಣುಮಕ್ಕಳು 500 ಪೌಂಡಿನಲ್ಲಿ ಬದುಕುತ್ತಾರೆ: ಸಣ್ಣ ಮನೆ, ಮೂವರು ಆಳು, ಗಾಡಿ ಇಲ್ಲ. ಗಾಡಿ ಇಲ್ಲ ಎನ್ನುವುದನ್ನು ಗಟ್ಟಿಯಾಗಿ ಹಿಡಿಯಿರಿ. ಗಾಡಿಯಿಲ್ಲದ ಹುಡುಗಿ ನಡೆದು ಹೋಗುವಷ್ಟು ದೂರದ ಜನರನ್ನು ಮಾತ್ರ ನೋಡಬಲ್ಲಳು, ಮಿಕ್ಕವರ ಮನೆಗೆ ಯಾರೋ ಕರೆದೊಯ್ಯಬೇಕು. ಆ 'ಯಾರೋ' ಯಾರು ಎನ್ನುವಲ್ಲಿ ಒಂದು ಇಡೀ ಅಧ್ಯಾಯ ಹುಟ್ಟುತ್ತದೆ.

ನಾಯಕನನ್ನು ಡ್ಯೂಕ್ (ಪ್ರಭುಗಳಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ) ಮಾಡುವ ಆಸೆ ಬಿಡಿ ಎಂದೇ ನನ್ನ ಸಲಹೆ. ರಾಜಮನೆತನದ ಹೊರಗೆ ಆಗ ಇಡೀ ಬ್ರಿಟನ್ನಿನಲ್ಲಿ ಡ್ಯೂಕರು ಮೂವತ್ತರ ಆಸುಪಾಸು, ಅವರಲ್ಲಿ ಮದುವೆಯಾಗದ ತರುಣರು ತೀರ ಅಪರೂಪ. ಆಸ್ಟೆನ್ ಅವರ ನಾಯಕರಲ್ಲಿ ಒಬ್ಬನಿಗೂ ಬಿರುದಿಲ್ಲ. ಜಮೀನುದಾರರು, ಪಾದ್ರಿಗಳು, ನೌಕಾಪಡೆಯ ಕ್ಯಾಪ್ಟನ್. ಎರಡನೇ ಮಗನನ್ನು ನಾಯಕ ಮಾಡಿದರೆ ಕಥೆ ತಾನಾಗಿ ಬಿಗಿಯಾಗುತ್ತದೆ. ಜಮೀನೆಲ್ಲ ಅಣ್ಣನಿಗೆ ಹೋಗುತ್ತದೆ, ಇವನಿಗೆ ಉಳಿಯುವುದು ಚರ್ಚ್, ಸೈನ್ಯ, ನೌಕಾಪಡೆ, ವಕೀಲಿ. ಕಾಲ್ದಳದಲ್ಲಿ ತೀರ ಕೆಳಗಿನ ಅಧಿಕಾರಿಯ ಹುದ್ದೆಯನ್ನು ಕೊಳ್ಳಲು ಅಧಿಕೃತ ಬೆಲೆ 400 ಪೌಂಡ್, ಕ್ಯಾಪ್ಟನ್ ಆಗಲು 1,500. ನೌಕಾಪಡೆಯಲ್ಲಿ ಹುದ್ದೆ ಮಾರುವುದಿಲ್ಲ. ಅಲ್ಲಿ ಶತ್ರು ಹಡಗು ಹಿಡಿದರೆ ಪಾಲು ಸಿಗುತ್ತದೆ, ಹಾಗಾಗಿ ಬರಿಗೈಯಲ್ಲಿ ಹೋದವನು ಏಳೆಂಟು ವರ್ಷದಲ್ಲಿ ಶ್ರೀಮಂತನಾಗಿ ಮರಳುವುದು ನಂಬುವಂಥದ್ದೇ.

ಹಣ ಎಲ್ಲಿಂದ ಬಂತು ಎಂದೂ ಬರೆದುಕೊಳ್ಳಿ. ಇಲ್ಲಿ ಕನ್ನಡದ ಲೇಖಕರಿಗೆ ನಿಜವಾದ ಒಂದು ಬಾಗಿಲು ತೆರೆಯುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯ ಹಣವನ್ನು ದರ್ಜೆಗೆ ತಕ್ಕಂತೆ ಸೈನ್ಯಕ್ಕೆ ಹಂಚಲಾಯಿತು. ಆ ಪಟ್ಟಣದ ಆಡಳಿತ ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವಾಟರ್‌ಲೂ ಗೆದ್ದ ವೆಲಿಂಗ್ಟನ್. ನಿಮ್ಮ ಕಥೆಯ ನಲವತ್ತರ ಕರ್ನಲ್ ಯುವಕನಾಗಿದ್ದಾಗ ಕಾವೇರಿ ದಾಟಿದವನಾಗಿರಬಹುದು. ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ನೋಡಲು ಬಂದವರು ಹಿಡಿ ತಿರುಗಿಸಿ ಅದನ್ನು ಗರ್ಜಿಸುವಂತೆ ಮಾಡುತ್ತಿದ್ದರು. ನಾಯಕಿ ನಗುತ್ತ ಆ ಹಿಡಿ ತಿರುಗಿಸುತ್ತಾಳೆ, ಪಕ್ಕದಲ್ಲಿ ನಿಂತ ಕರ್ನಲ್ ನಗುವುದಿಲ್ಲ. ಅವನ ಗತವನ್ನು ತೆರೆಯಲು ಅಷ್ಟು ಸಾಕು. ಆದರೆ ಇಂಥ ಕೊಂಡಿ ಒಂದಿದ್ದರೆ ಚೆಂದ; ಭಾರತದ ನೆನಪಿಗಾಗಿಯೇ ಎಲ್ಲ ಪಾತ್ರಗಳನ್ನೂ ಇಲ್ಲಿಗೆ ಕಳಿಸಬೇಡಿ. ಹಡಗಿನಲ್ಲಿ ಹೋಗಲು ಐದಾರು ತಿಂಗಳು ಬೇಕು, ಪತ್ರಕ್ಕೆ ಉತ್ತರ ಬರಲು ಸುಮಾರು ಒಂದು ವರ್ಷ.

ಮೂರು: ಕಾಯಿದೆಯನ್ನು ಕಥೆಯ ಎದುರಾಳಿ ಮಾಡಿ

ಖಳನಾಯಕನಿಲ್ಲದೆ ಕಥೆ ನಡೆಯುತ್ತದೆ, ಕಾಯಿದೆಯಿಲ್ಲದೆ ನಡೆಯುವುದಿಲ್ಲ. 1753ರ ಮದುವೆ ಕಾಯಿದೆ ಮತ್ತು ಚರ್ಚಿನ ನಿಯಮಗಳ ಪ್ರಕಾರ ಇಂಗ್ಲೆಂಡಿನಲ್ಲಿ ಬಹುತೇಕ ಎಲ್ಲರ ಮದುವೆ ನಡೆಯಬೇಕಾದದ್ದು ಅಲ್ಲಿನ ಅಧಿಕೃತ ಆಂಗ್ಲಿಕನ್ ಚರ್ಚಿನಲ್ಲಿ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಹನ್ನೆರಡರ ಒಳಗೆ. ಅದಕ್ಕೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ವಿಷಯ ಸಾರಬೇಕು, ಇಲ್ಲವೇ ಲೈಸೆನ್ಸ್ ಪಡೆಯಬೇಕು. 21 ತುಂಬದವರು ಲೈಸೆನ್ಸ್ ಮೇಲೆ ಮದುವೆಯಾಗಲು ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಆ ಮದುವೆಯೇ ಅಸಿಂಧು. ಎಲ್ಲಿ ಬೇಕಾದರೂ ಯಾವ ಹೊತ್ತಿಗಾದರೂ ಮದುವೆಯಾಗಲು ಬಿಡುವ 'ಸ್ಪೆಷಲ್ ಲೈಸೆನ್ಸ್' ಕೊಡುವವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಅದೂ ದೊಡ್ಡ ಮನೆತನದವರಿಗೆ. ಸಾಮಾನ್ಯ ಜಮೀನುದಾರನ ಜೇಬಿನಿಂದ ಅದನ್ನು ತೆಗೆಸಬೇಡಿ.

ಸ್ಕಾಟ್ಲೆಂಡಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಅದಕ್ಕೇ ಓಡಿಹೋಗುವ ಜೋಡಿಗಳು ಗಡಿಯಾಚೆಯ ಗ್ರೆಟ್ನಾ ಗ್ರೀನ್‌ಗೆ ಹೋಗುತ್ತಿದ್ದರು. ಲಂಡನ್ನಿನಿಂದ ಅಲ್ಲಿಗೆ 300 ಮೈಲಿಗೂ ಹೆಚ್ಚು. ಬಾಡಿಗೆ ಗಾಡಿಗೆ ಮೈಲಿಗೆ ಒಂದು ಶಿಲಿಂಗಿಗಿಂತ ಹೆಚ್ಚು ತೆರಬೇಕು, ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲಾಯಿಸಬೇಕು. ಒಟ್ಟು ಖರ್ಚು ಮನೆಗೆಲಸದ ಹುಡುಗಿಯ ಒಂದು ವರ್ಷದ ಸಂಬಳವನ್ನೂ ಮೀರುತ್ತದೆ. ದಾರಿಯಲ್ಲಿ ಕನಿಷ್ಠ ಎರಡು ರಾತ್ರಿ. ಮದುವೆ ಆಗದೆ ಹಿಂತಿರುಗಿದರೆ ಆ ಎರಡು ರಾತ್ರಿಯೇ ಹುಡುಗಿಯ ಬದುಕನ್ನೂ ಅವಳ ತಂಗಿಯರ ಬದುಕನ್ನೂ ಮುಗಿಸುತ್ತದೆ. ಬೆಳಿಗ್ಗೆ ಓಡಿಹೋಗಿ ಸಂಜೆಗೆ ಮದುವೆಯಾದರು ಎಂದು ಬರೆದರೆ ಈ ಭಯವೆಲ್ಲ ಆವಿ.

ಇನ್ನೊಂದು ನಿಯಮ ಕಥೆಗೆ ಬಂಗಾರ. ಒಮ್ಮೆ ಮಾತು ಕೊಟ್ಟ ಗಂಡಸು ನಿಶ್ಚಿತಾರ್ಥ ಮುರಿಯುವಂತಿಲ್ಲ. ಮುರಿದರೆ ಹುಡುಗಿಯ ಕಡೆಯವರು ಕೋರ್ಟಿಗೆ ಹೋಗಬಹುದು, ಅವನ ಮರ್ಯಾದೆಯೂ ಉಳಿಯದು. ಮುರಿಯುವ ಹಕ್ಕು ಹೆಣ್ಣಿಗೆ ಮಾತ್ರ. ಹತ್ತೊಂಬತ್ತನೇ ವಯಸ್ಸಿನಲ್ಲಿ ತಪ್ಪು ಹುಡುಗಿಗೆ ಮಾತು ಕೊಟ್ಟವನು, ಈಗ ನಾಯಕಿಯ ಎದುರು ಬಾಯಿ ಬಿಡಲಾಗದೆ ಕೂತಿದ್ದಾನೆ. ಅವನು ಯಾಕೆ ಹೇಳುತ್ತಿಲ್ಲ ಎಂದು ಓದುಗರು ಸಿಡಿಮಿಡಿಗೊಳ್ಳುವುದಿಲ್ಲ, ಹೇಳುವಂತಿಲ್ಲ ಎಂದು ಅವರಿಗೂ ಗೊತ್ತು.

ಆಸ್ತಿ ಗಂಡುಸಂತಾನಕ್ಕೇ ಹೋಗಬೇಕೆಂಬ ಕಟ್ಟು ಇದ್ದರೆ, ಬರುವ ವಾರಸುದಾರ ನಮ್ಮ ಲೆಕ್ಕದಲ್ಲಿ ದಾಯಾದಿ. ಹಾಗೆಂದೇ ಬರೆಯಿರಿ, ಮನೆಯೊಳಗಿನ ಕಸಿವಿಸಿ ಓದುಗರಿಗೆ ಒಂದೇ ಪದದಲ್ಲಿ ತಲುಪುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಚಿಕ್ಕಪ್ಪನ ಮಗನನ್ನೂ ಮದುವೆಯಾಗಬಹುದಿತ್ತು. ಸೋದರಮಾವನ ಮಗನಾದರೆ ಕನ್ನಡ ಓದುಗರಿಗೆ ಏನೂ ಅನಿಸದು, ಚಿಕ್ಕಪ್ಪನ ಮಗ ಎಂದರೆ ಅಣ್ಣತಮ್ಮ ಎಂದೇ ಮನಸ್ಸು ಹಿಂಜರಿಯುತ್ತದೆ. ಕಥೆಗೆ ಬೇಕೇಬೇಕಾದರೆ ಸಂಬಂಧವನ್ನು ನಾಲ್ಕೈದು ತಲೆಮಾರು ಆಚೆಗೆ ಸರಿಸಿ.

ನಾಲ್ಕು: ಅಧ್ಯಾಯಗಳ ನಕ್ಷೆ

ಆಸ್ಟೆನ್ ಅವರ ಕಟ್ಟಡವನ್ನು ಬಿಚ್ಚಿ ನೋಡಿ. 'ಪ್ರೈಡ್ ಅಂಡ್ ಪ್ರಿಜುಡೀಸ್'ನಲ್ಲಿ 61 ಅಧ್ಯಾಯ. ನಾಯಕಿಗೆ ಡಾರ್ಸಿಯಿಂದ ಮೊದಲ ಅವಮಾನ 3ರಲ್ಲಿ. ಡಾರ್ಸಿಯ ಮೊದಲ ಪ್ರಸ್ತಾಪ, ನಿರಾಕರಣೆ 34ರಲ್ಲಿ. ಅವನ ಪತ್ರ 35ರಲ್ಲಿ. ಅವನ ಮನೆ ನೋಡುವುದು 43ರಲ್ಲಿ. ನಾಯಕಿಯ ತಂಗಿ ಓಡಿಹೋದ ಸುದ್ದಿ 46ರಲ್ಲಿ, ಎರಡನೇ ಪ್ರಸ್ತಾಪ 58ರಲ್ಲಿ. ಅಂದರೆ ಅರ್ಧ ದಾಟಿದ ಕೂಡಲೇ ಪ್ರೇಮ ಬಾಯಿಬಿಟ್ಟು ಹೇಳಲ್ಪಟ್ಟು, ಕೆಟ್ಟದಾಗಿ ಸೋಲುತ್ತದೆ. ಉಳಿದ ಅರ್ಧ ಇಬ್ಬರೂ ತಮ್ಮನ್ನು ತಿದ್ದಿಕೊಳ್ಳುವ ಕೆಲಸ. 40,000 ಪದಗಳ ಕನ್ನಡ ಕಾದಂಬರಿಗೆ 24 ಅಧ್ಯಾಯ ಇಟ್ಟುಕೊಂಡರೆ ಮೊದಲ ಸೋಲು 13 ಅಥವಾ 14ಕ್ಕೆ ಬರಲಿ. 20ರವರೆಗೂ ಇಬ್ಬರನ್ನೂ ಬರೀ ತಪ್ಪು ತಿಳಿವಳಿಕೆಯಲ್ಲಿ ಓಡಾಡಿಸಿದರೆ ಓದುಗರಿಗೆ ಬೇಸರ ಬರುತ್ತದೆ. ಒಂದು ಮಾತಿನಿಂದ ಬಗೆಹರಿಯುವ ತಪ್ಪು ತಿಳಿವಳಿಕೆ ಎರಡು ಅಧ್ಯಾಯಕ್ಕಿಂತ ಹೆಚ್ಚು ಬಾಳುವುದಿಲ್ಲ. ಸ್ವಭಾವದ ದೋಷದಿಂದ ಹುಟ್ಟಿದ್ದಾದರೆ ಇಡೀ ಪುಸ್ತಕ ಬಾಳುತ್ತದೆ.

ಐದು: ನೃತ್ಯ, ಭೇಟಿ, ಪತ್ರ

ಈ ಮೂರೇ ಪ್ರೇಮಿಗಳಿಗೆ ಸಿಗುವ ಅವಕಾಶ. ನೃತ್ಯದಲ್ಲಿ ಒಬ್ಬನು ಕೇಳುವುದು ಎರಡು ಕುಣಿತದ ಒಂದು ಜೊತೆಯನ್ನು, ಸುಮಾರು ಅರ್ಧ ಗಂಟೆ. ಒಂದೇ ರಾತ್ರಿ ಒಬ್ಬಳನ್ನೇ ಎರಡನೇ ಸಲ ಕೇಳಿದರೆ ಊರಿನ ಕಣ್ಣು ಬೀಳುತ್ತದೆ, ಮೂರನೇ ಸಲವಾದರೆ ನಿಶ್ಚಿತಾರ್ಥದ ಗುಸುಗುಸು. ಒಬ್ಬನಿಗೆ 'ಕುಣಿಯುವುದಿಲ್ಲ' ಎಂದ ಹುಡುಗಿ ಆ ರಾತ್ರಿ ಇನ್ನಾರೊಡನೆಯೂ ಕುಣಿಯುವಂತಿಲ್ಲ. ಈ ಒಂದು ನಿಯಮ ಸಾಕು: ಬೇಡದವನು ಮೊದಲು ಬಂದು ಕೇಳುತ್ತಾನೆ, ಬೇಕಾದವನು ಹತ್ತು ಹೆಜ್ಜೆ ಹಿಂದಿದ್ದಾನೆ. ಹಳ್ಳಿಯ ಕುಣಿತದಲ್ಲಿ ಜೋಡಿಗಳು ಎದುರುಬದುರು ಸಾಲಿನಲ್ಲಿ ನಿಂತು ತಮ್ಮ ಸರದಿಗೆ ಕಾಯುತ್ತಾರೆ. ಮಾತು ನಡೆಯುವುದು ಆ ಕಾಯುವಿಕೆಯಲ್ಲಿ, ಅದೂ ತುಂಡುತುಂಡಾಗಿ. ಸೊಂಟ ಹಿಡಿದು ಕುಣಿಯುವ ವಾಲ್ಟ್ಸ್ 1816ರಲ್ಲೂ ಪತ್ರಿಕೆಯ ಬೈಗುಳ ತಿಂದ ಹೊಸ ಫ್ಯಾಷನ್, 1811ರ ಹಳ್ಳಿಗೆ ಅದನ್ನು ತರಬೇಡಿ.

'ಬೆಳಗಿನ ಭೇಟಿ' ನಡೆಯುತ್ತಿದ್ದುದು ನಮ್ಮ ಮಧ್ಯಾಹ್ನದಲ್ಲಿ, ಏಕೆಂದರೆ ಮುಖ್ಯ ಊಟದವರೆಗಿನ ಹೊತ್ತೆಲ್ಲ ಅವರಿಗೆ ಬೆಳಗು. ಊಟ ಹಳ್ಳಿಯಲ್ಲಿ ನಾಲ್ಕೈದಕ್ಕೆ, ಫ್ಯಾಷನ್ನಿನ ಮನೆಯಲ್ಲಿ ಆರೂವರೆಗೆ. ಭೇಟಿ ಹದಿನೈದು ನಿಮಿಷದ್ದು. ಗಡಿಯಾರವನ್ನು ಬಳಸಿಕೊಳ್ಳಿ: ನಾಯಕ ಬಂದಿದ್ದಾನೆ, ತಾಯಿ ಹವಾಮಾನದ ಮಾತಿನಲ್ಲಿ ಹತ್ತು ನಿಮಿಷ ನುಂಗಿದ್ದಾಳೆ.

ಪತ್ರದ ವಿಷಯದಲ್ಲಿ ತಪ್ಪು ಹೆಚ್ಚು. ನಿಶ್ಚಯವಾಗದ ಹುಡುಗ ಹುಡುಗಿ ಪತ್ರ ಬರೆದುಕೊಳ್ಳುವಂತಿಲ್ಲ. ಬರೆದುಕೊಂಡರೆ ನಿಶ್ಚಯವಾಗಿದೆ ಎಂದೇ ಜನ ತಿಳಿಯುತ್ತಾರೆ. ಡಾರ್ಸಿ ಕೂಡ ತನ್ನ ಪತ್ರವನ್ನು ಅಂಚೆಗೆ ಹಾಕದೆ ಕೈಯಲ್ಲೇ ಕೊಡುತ್ತಾನೆ. ಅಂಚೆಯ ಹಣ ಕೊಡಬೇಕಾದವರು ಪತ್ರ ಪಡೆದವರು: 1812ರ ದರದಲ್ಲಿ 15 ಮೈಲಿವರೆಗೆ ಹಾಳೆಗೆ 4 ಪೆನ್ನಿ, 80ರಿಂದ 120 ಮೈಲಿಗೆ 9. ಎರಡು ಹಾಳೆಯಾದರೆ ದುಪ್ಪಟ್ಟು. ಅದಕ್ಕೇ ಒಂದೇ ಹಾಳೆಯಲ್ಲಿ ಅಡ್ಡಡ್ಡವಾಗಿ ಬರೆದು, ಮತ್ತೆ ತಿರುಗಿಸಿ ಅದರ ಮೇಲೆಯೇ ಬರೆದು, ಮಡಿಚಿ ಅರಗು ಒತ್ತುತ್ತಿದ್ದರು. ಲಕೋಟೆ ಇಲ್ಲ. ಬಡ ಅತ್ತೆಗೆ ದಪ್ಪ ಪತ್ರ ಕಳಿಸುವುದೇ ಒಂದು ಕ್ರೌರ್ಯ.

ಆರು: ಕನ್ನಡದ ಮಾತು

ಎಲ್ಲರ ನಡುವೆಯೂ 'ನೀವು' ಇರಲಿ. ಗಂಡಹೆಂಡತಿ ಕೂಡ ಆಗ ಒಬ್ಬರನ್ನೊಬ್ಬರು ಮಿಸ್ಟರ್, ಮಿಸೆಸ್ ಎಂದು ಮನೆತನದ ಹೆಸರಿನಿಂದ ಕರೆಯುತ್ತಿದ್ದರು. 'ನೀನು' ಅಕ್ಕತಂಗಿಯರ ನಡುವೆ, ಚಿಕ್ಕವರಿಗೆ ಮತ್ತು ಆಳುಗಳಿಗೆ. ಪ್ರೇಮಿಗಳ ನಡುವೆ ಅದು ಇಡೀ ಕಾದಂಬರಿಯಲ್ಲಿ ಒಂದೇ ಒಂದು ಸಲ, ಬಾಯಿತಪ್ಪಿ ಬಂದಂತೆ ಬಂದರೆ ಚುಂಬನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮನೆಯ ಹಿರಿಮಗಳು ಬರೀ 'ಮಿಸ್' ಮತ್ತು ಮನೆತನದ ಹೆಸರು. ತಂಗಿಯರಿಗೆ ಸ್ವಂತ ಹೆಸರೂ ಸೇರುತ್ತದೆ. ಅಕ್ಕನ ಮದುವೆಯಾದ ದಿನ ಆ ಬರೀ 'ಮಿಸ್' ತಂಗಿಗೆ ಇಳಿಯುತ್ತದೆ. 'ಸರ್' ಎಂಬ ಬಿರುದು ಯಾವಾಗಲೂ ಮೊದಲ ಹೆಸರಿಗೆ ಸೇರುತ್ತದೆ: ಸರ್ ಜಾನ್. ಅವನ ಹೆಂಡತಿಗೆ 'ಲೇಡಿ' ಮತ್ತು ಮನೆತನದ ಹೆಸರು. ಡ್ಯೂಕ್ ಇದ್ದೇ ಇದ್ದರೆ 'ಯುವರ್ ಗ್ರೇಸ್', ಉಳಿದ ಪ್ರಭುಗಳಿಗೆ 'ಮೈ ಲಾರ್ಡ್'.

ಭಾಷೆಯನ್ನು ಹಳಗನ್ನಡದತ್ತ ಎಳೆಯಬೇಡಿ, ಪೌರಾಣಿಕ ನಾಟಕದ ಧಾಟಿ ಬಂದುಬಿಡುತ್ತದೆ. ಹೆಚ್ಚಿನ ಕೆಲಸ ಮಾಡಬೇಕಾದದ್ದು ನಿರೂಪಣೆ. ಆಸ್ಟೆನ್ ಅವರ ದೊಡ್ಡ ಉಪಾಯವೆಂದರೆ 'ಎಂದುಕೊಂಡಳು' ಎಂಬುದನ್ನು ತೆಗೆದುಹಾಕಿ, ಪಾತ್ರದ ಮನಸ್ಸಿನ ಮಾತನ್ನೇ ನಿರೂಪಕರ ವಾಕ್ಯದೊಳಗೆ ಸೇರಿಸುವುದು. ಹೀಗೆ ಬರೆದರೆ ಸಪ್ಪೆ: "ಕ್ಯಾಪ್ಟನ್ ತನ್ನನ್ನು ಗಮನಿಸಲಿಲ್ಲವೆಂದು ಅವಳಿಗೆ ಬೇಸರವಾಯಿತು, ಆದರೆ ಬೇಸರವಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು." ಇದನ್ನೇ ಹೀಗೆ ಮಾಡಿ: "ಕ್ಯಾಪ್ಟನ್ ಕೋಣೆಯ ಆ ತುದಿಯಲ್ಲೇ ನಿಂತಿದ್ದರು. ನಿಲ್ಲಲಿ. ಅವರು ಬಂದು ಮಾತಾಡಿಸಲಿ ಎಂದು ಇಲ್ಲಿ ಯಾರು ಕಾದಿದ್ದಾರೆ? ಬಾಗಿಲ ಬಳಿ ಗಾಳಿ ಚೆನ್ನಾಗಿತ್ತು. ಅವಳು ಮೂರನೇ ಸಲ ಅತ್ತ ನಡೆದದ್ದು ಅದಕ್ಕೇ." ಎರಡನೆಯದರಲ್ಲಿ ಅವಳ ಸುಳ್ಳು ಅವಳಿಗೆ ಕಾಣುತ್ತಿಲ್ಲ, ನಮಗೆ ಕಾಣುತ್ತಿದೆ. ಪ್ರತಿ ಅಧ್ಯಾಯದಲ್ಲಿ ಇಂಥ ಎರಡು ಮೂರು ಜಾಗ ಹುಡುಕಿ ತಿದ್ದಿ.

ಏಳು: ಕರಡು ಮುಗಿದ ಮೇಲೆ ಹುಡುಕಿ ತೆಗೆಯಬೇಕಾದ್ದು

ಬೆಂಕಿಕಡ್ಡಿ (ಗೀರಿದರೆ ಹತ್ತುವ ಕಡ್ಡಿ ಮಾರಾಟಕ್ಕೆ ಬಂದದ್ದು 1820ರ ದಶಕದ ಕೊನೆಗೆ), ಪ್ರಯಾಣಿಕರ ರೈಲು, ಫೋಟೋ, ಅಂಚೆಚೀಟಿ (1840), ಸಂಜೆ ನಾಲ್ಕರ ಟೀ ಕೂಟ, ಬುಟ್ಟಿಯಂತೆ ಉಬ್ಬಿದ ಲಂಗ: ಇವೆಲ್ಲ ಮುಂದಿನ ಕಾಲದವು. ವಧುವಿಗೆ ಬಿಳಿ ಉಡುಪೇ ಆಗಬೇಕೆಂಬ ರೂಢಿ ವಿಕ್ಟೋರಿಯಾ ರಾಣಿಯ 1840ರ ಮದುವೆಯ ಮೇಲೆ ಬಲಗೊಂಡದ್ದು. ರೀಜೆನ್ಸಿಯ ಹೆಣ್ಣಿನ ಉಡುಪು ಎದೆಯ ಕೆಳಗೇ ಸೊಂಟ ಕಟ್ಟಿದ ತೆಳು ಮಸ್ಲಿನ್, ಮೇಲೆ ಸಾಧ್ಯವಿದ್ದರೆ ಕಾಶ್ಮೀರದ ಶಾಲು. ಜೇಬಿಗೆ ಎಡೆಯಿಲ್ಲದ್ದರಿಂದ ಕೈಯಲ್ಲಿ ಪುಟ್ಟ ಚೀಲ. ಮೇಣದ ಬತ್ತಿ ದುಬಾರಿ, ಸಾಧಾರಣ ಮನೆಯಲ್ಲಿ ಉರಿಯುವುದು ವಾಸನೆ ಬರುವ ಕೊಬ್ಬಿನ ಬತ್ತಿ.

ಕೊನೆಗೆ ಹಕ್ಕುಸ್ವಾಮ್ಯ. ಆಸ್ಟೆನ್ ಅವರ ಪಾತ್ರ, ಕಥೆ ಯಾರು ಬೇಕಾದರೂ ಬಳಸಬಹುದು. ಆದರೆ 1935ರಿಂದ ಈ ಪ್ರಕಾರವನ್ನು ಬೆಳೆಸಿದ ಲೇಖಕಿ ಜಾರ್ಜೆಟ್ ಹೇಯರ್ ತೀರಿಕೊಂಡದ್ದು 1974ರಲ್ಲಿ. ಭಾರತದ ಕಾಯಿದೆಯಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುವುದರಿಂದ ಅವರ ಪಾತ್ರಗಳನ್ನೂ ಸನ್ನಿವೇಶಗಳನ್ನೂ ಮುಟ್ಟುವಂತಿಲ್ಲ. ಸಿನಿಮಾ, ಧಾರಾವಾಹಿಗಳು ಸೇರಿಸಿದ ದೃಶ್ಯಗಳೂ ಹಾಗೆಯೇ: ಡಾರ್ಸಿ ಒದ್ದೆ ಅಂಗಿಯಲ್ಲಿ ಕೊಳದಿಂದ ಬರುವುದು 1995ರ ಟಿವಿ ಧಾರಾವಾಹಿಯದು, ಮಳೆಯಲ್ಲಿ ನಿಂತು ಪ್ರಸ್ತಾಪ ಮಾಡುವುದು 2005ರ ಸಿನಿಮಾದ್ದು. ಆಸ್ಟೆನ್ ಅವರ ಡಾರ್ಸಿ ಕೇಳುವುದು ಪಾದ್ರಿಯ ಮನೆಯ ಕೋಣೆಯೊಳಗೆ. ಒಂದು ದೃಶ್ಯ ಮೂಲದ್ದೇ ಅಲ್ಲವೇ ಎಂದು ಅನುಮಾನ ಬಂದಾಗ ಕಾದಂಬರಿಯ ಆ ಅಧ್ಯಾಯವನ್ನು ತೆರೆದು ಓದಿ, ನೆನಪನ್ನು ನಂಬಬೇಡಿ.